ನೀರಿನಿಂದ ಎದ್ದು ಬಂದ ಮನೆ

ಹೋದ ವಾರ ಚಳಿ ಬಿತ್ತು. ಸಿಂದಗಿಯ ಚಳಿ ದೊಡ್ಡದಾಗಿ ಹೇಳಿಕೊಳ್ಳುವಂಥದ್ದಲ್ಲ, ಬಂದು ಮುಖ ತೋರಿಸಿ ಹೋಗುವ ಬೀಗರ ಹಾಗೆ. ಆದರೂ ಹೆಂಡತಿ ಟ್ರಂಕು ತೆಗೆದು ಹೊದೆಯುವ ಕೌದಿಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದಳು. ನಾನು ಮಾಳಿಗೆ ಹತ್ತಿದ್ದು ನೀರಿನ ಟಾಕಿ ತುಂಬಿದೆಯೋ ಇಲ್ಲವೋ ನೋಡಲಿಕ್ಕೆ. ಹಳೆಯ ಸೀರೆ, ಧೋತರ, ಡಾಂಬರ ಗುಳಿಗೆ ಎಲ್ಲ ಸೇರಿ ಬಿಸಿಲಿಗೆ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ಟಾಕಿ ಮರೆತುಹೋಯಿತು. ಕುಕ್ಕರಗಾಲಿನಲ್ಲಿ ಕೂತು ಒಂದು ಕೌದಿಯ ಮೂಲೆಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡತೊಡಗಿದೆ. ಮೆಟ್ಟಿಲ ಮೇಲೆ ನಿಂತ ಹೆಂಡತಿ ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ರೊಟ್ಟಿ ಎಂದೆ. ಅವಳು ಮತ್ತೇನೂ ಕೇಳದೆ ಇಳಿದು ಹೋದಳು. ನನ್ನ ತಲೆಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಸ್ವಲ್ಪ ಅನುಮಾನವಿದೆ.

ನಿಮಗಾದರೂ ಸರಿಯಾಗಿ ಹೇಳುತ್ತೇನೆ. ನಾನು ಐವತ್ತು ದಾಟಿದ ಮನುಷ್ಯ. ಸಿಂದಗಿಯಲ್ಲಿ ಒಂದು ಪ್ರೆಸ್ಸು ಇಟ್ಟುಕೊಂಡಿದ್ದೇನೆ. ಮದುವೆ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿಯ ಫ್ಲೆಕ್ಸು, ಎಲ್ಲ ಒಂದೇ ಮಶೀನಿನಿಂದ ಬರುತ್ತವೆ. ಇಂಥವನು ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ, ದೇವರ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿಗೆ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದು ಕೃಷ್ಣೆಯ ಹಿನ್ನೀರಿನ ಕಡೆಯ ಒಂದು ಊರು ಸೇರಿ, ಮೇಜಿನ ಸುತ್ತ ಕೂತು ತಾನೊಬ್ಬ ಕಳ್ಳ ಎಂದು ಹೇಳಿಕೊಳ್ಳುತ್ತ, ಇಲ್ಲದ ಕೋಟೆಯ ಇಲ್ಲದ ಗೋಡೆ ಹತ್ತುತ್ತಿದ್ದ ಎಂದರೆ ನೀವು ನಗುತ್ತೀರಿ. ನಗಿ. ನಾನೂ ಮೊದಮೊದಲು ನಕ್ಕವನೇ.

ಆಟ ಬಹಳ ಸುಲಭದ್ದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಕಥೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. ಎದುರಿಗೆ ಏನಿದೆ ಎಂದು ಅವನು ಹೇಳುತ್ತಾನೆ, ಈಗ ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ನಾವು ಮಾಡುವುದನ್ನು ಬಾಯಲ್ಲಿ ಹೇಳುತ್ತೇವೆ. ಅದು ಆಯಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ವೇಷ ಕಟ್ಟುವುದಿಲ್ಲ, ಕುಣಿಯುವುದಿಲ್ಲ, ಗೆದ್ದವರು ಸೋತವರು ಎಂದೂ ಇಲ್ಲ. ದಾಳಗಳು ಮಾತ್ರ ವಿಚಿತ್ರ, ಒಂದಕ್ಕೆ ಇಪ್ಪತ್ತು ಮುಖ. ಒಮ್ಮೆ ಬಸ್ಸಿನಲ್ಲಿ ಚಿಲ್ಲರೆ ತೆಗೆಯುವಾಗ ಕಿಸೆಯಿಂದ ಅದು ಉರುಳಿ ಬಿತ್ತು. ಕಂಡಕ್ಟರ್ ಅದನ್ನು ಎತ್ತಿಕೊಟ್ಟು, ಈ ವಯಸ್ಸಿನಲ್ಲಿ ಇದೆಲ್ಲ ಬೇಡ್ರಿ ಯಜಮಾನ್ರ ಎಂದು ಬುದ್ಧಿ ಹೇಳಿದ. ಇದು ಜೂಜಲ್ಲ ಎಂದು ದಾರಿಯುದ್ದಕ್ಕೂ ಅವನಿಗೆ ತಿಳಿಸಿ ಹೇಳಿದೆ, ಅವನು ನಂಬಿದ ಹಾಗೆ ಕಾಣಲಿಲ್ಲ.

ಈ ಹುಚ್ಚು ಹಚ್ಚಿದವರು ಇಂಡಿ ಊರಿನ ಪಾಂಡುರಂಗ ಸರ್. ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಏಕಾದಶಿ ತಪ್ಪಿಸುವವರಲ್ಲ, ಆಟ ಏಕಾದಶಿಯ ದಿನ ಬಂದರೆ ನಮ್ಮ ಎದುರಿಗೆ ಶೇಂಗಾ ತಿನ್ನುತ್ತ ನಮ್ಮ ಮಿರ್ಚಿ ಭಜಿಯನ್ನು ನೋಡದ ಹಾಗೆ ನೋಡುತ್ತಿದ್ದರು. ಪುಣೆಯಲ್ಲಿ ತಂಗಿಯ ಮನೆಗೆ ಹೋದಾಗ ಈ ಆಟದ ದಪ್ಪ ಪುಸ್ತಕ ಅವರ ಕೈಗೆ ಸಿಕ್ಕಿತಂತೆ. ಇಂಗ್ಲಿಷಿನಲ್ಲಿದ್ದ ಅದನ್ನು ಓದಿ ಓದಿ, ಆಡುವಾಗ ಬಾಯಲ್ಲೇ ಕನ್ನಡ ಮಾಡಿ ಹೇಳುತ್ತಿದ್ದರು. ಶಿಕ್ಷಕರ ತರಬೇತಿಯೊಂದರಲ್ಲಿ ಅವರಿಗೆ ನೀಲಾ ಟೀಚರ್ ಪರಿಚಯವಾದರು. ತರಬೇತಿಯ ಕೈಪಿಡಿ ಅಚ್ಚು ಹಾಕಿದವನು ನಾನು. ನಮ್ಮ ಮಶೀನಿನ ಮೋಟರು ಸುಟ್ಟಾಗ ಅದನ್ನು ರಿವೈಂಡಿಂಗ್ ಮಾಡಿಕೊಡುತ್ತಿದ್ದ ಮುದ್ದೇಬಿಹಾಳದ ಬಸುವನ್ನು ನಾನು ಎಳೆದುಕೊಂಡು ಬಂದೆ. ಹೀಗೆ ನಾಲ್ಕು ಊರಿನ ನಾಲ್ಕು ಜನ. ಕಥೆ ನಡೆಸುವವರು ಸರ್, ಬಸು ಗದೆ ಹಿಡಿದ ಪೈಲವಾನ, ನಾನು ಕಳ್ಳ, ನೀಲಾ ಮಂತ್ರಗಾತಿ.

ಆಡುತ್ತಿದ್ದದ್ದು ನೀಲಾಳ ಮನೆಯಲ್ಲಿ. ಅವಳಿಗೆ ಮನೆ ಬಿಟ್ಟು ಬರುವ ಹಾಗಿರಲಿಲ್ಲ. ಮದುವೆ ಮಾಡಿಕೊಳ್ಳದೆ ಅವ್ವನ ಜೊತೆ ಉಳಿದವಳು. ಅವ್ವ ಹೊರಸು ಹಿಡಿದಿದ್ದಳು. ಅವರ ಮೂಲ ಊರು ಮುಳುಗಡೆಯಾಗಿತ್ತು. ಆಲಮಟ್ಟಿ ಅಣೆಕಟ್ಟಿನ ನೀರು ಏರುತ್ತದೆ ಎಂದಾಗ ಊರಿಗೆ ಊರೇ ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಎದ್ದು ಬಂತು. ನೀಲಾ ಆಗ ಶಾಲೆಗೆ ಹೋಗುವ ಹುಡುಗಿ. ನೀರು ಬರುವ ಮುಂಚೆ ಜನ ತಮ್ಮ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ಇವರೂ ತಲಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಚಕ್ಕಡಿಯಲ್ಲಿ ಹಾಕಿಕೊಂಡು ಬಂದು ಹೊಸ ಮನೆಗೆ ಕೂರಿಸಿದ್ದರು. ಸಿಮೆಂಟಿನ ಚಿಕ್ಕ ಮನೆಗೆ ಅಷ್ಟು ದೊಡ್ಡ ಬಾಗಿಲು. ಅದರೊಳಗೆ ತಲೆ ಬಗ್ಗಿಸದೆ ಹೋಗಬಹುದಾಗಿತ್ತು, ಆದರೂ ಎಲ್ಲರೂ ಬಗ್ಗಿಸುತ್ತಿದ್ದೆವು.

ಆಟದ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು, ಮಂತ್ರದಿಂದ ಜೀವ ಬಂದ ವಸ್ತುಗಳ ಬಗ್ಗೆ. ಕತ್ತಿ ತಾನೇ ಹಾರಿ ಬಂದು ಕಡಿಯುತ್ತದೆ, ಖಾಲಿ ಕವಚ ಎದ್ದು ನಡೆಯುತ್ತದೆ, ಹಾಸಿದ ಗಾಲೀಚೆ ಸುತ್ತಿಕೊಂಡು ಉಸಿರು ಕಟ್ಟಿಸುತ್ತದೆ. ಸರ್‌ಗೆ ಆ ಅಧ್ಯಾಯವೆಂದರೆ ಪ್ರಾಣ. ಆದರೆ ಖಾಲಿ ಕವಚವನ್ನು ನಾವು ಯಾರೂ ಕಂಡವರಲ್ಲ, ಹೆದರಿಕೆ ಹುಟ್ಟುವುದು ಹೇಗೆ? ಅದಕ್ಕೆ ಅವರು ಅದನ್ನೆಲ್ಲ ನಮ್ಮ ಕಡೆಯ ಸಾಮಾನಿಗೆ ತಿರುಗಿಸಿದರು. ಮೊದಲ ಸಲ ಪಾಳುಬಿದ್ದ ವಾಡೆಯೊಂದರಲ್ಲಿ ಬೀಸುವ ಕಲ್ಲು ಗಡಗಡ ಎಂದು ನಮ್ಮ ಮೇಲೆ ಉರುಳಿ ಬಂತು. ಬಸು ಗದೆ ಎತ್ತಿದ. ನೀಲಾ ಅವನ ಕೈ ಹಿಡಿದಳು, ಆಟದಲ್ಲಲ್ಲ, ನಿಜವಾಗಿಯೇ ಹಿಡಿದಳು. ಅನ್ನ ಕೊಡುವ ಕಲ್ಲಿಗೆ ಹೊಡೆಯುವುದೆಂದರೇನು ಎಂದು ಅವಳ ತಕರಾರು. ಅದು ನಮ್ಮನ್ನು ಅರೆಯಲು ಬರುತ್ತಿದೆ ಎಂದು ಬಸು, ಬಂದರೆ ಬರಲಿ ಎಂದು ಇವಳು. ಸರ್ ಪುಸ್ತಕ ತಿರುವಿ ತಿರುವಿ ನೋಡಿದರು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ಈ ಆಟ ಆಡಬಹುದೆಂದು ಅದನ್ನು ಬರೆದವರಿಗೆ ಹೊಳೆದಿರಲಿಲ್ಲ. ಕೊನೆಗೆ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದದ್ದಾಯಿತು. ದಾಳ ಹೂಂ ಎಂದಿತು, ಕಲ್ಲು ನಿಂತಿತು.

ಅವ್ವ ಆಟಕ್ಕೆ ಬಂದದ್ದು ಕೌದಿಯ ದಿನ. ಮೂಲೆಯ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು, ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಆ ದಿನ ಸರ್ ಪುಸ್ತಕದ ಗಾಲೀಚೆಯನ್ನು ಕೌದಿ ಮಾಡಿದ್ದರು. ಅದು ಮಂಚದಿಂದ ಎದ್ದು ಬಸುವನ್ನು ಸುತ್ತಿಕೊಂಡಿತು. ಕತ್ತರಿಸುವಂತಿಲ್ಲ, ಯಾರೋ ತಾಯಿ ಹೊಲಿದದ್ದು. ಕೈಮುಗಿದರೂ ಬಿಡಲಿಲ್ಲ. ಬಸುವಿನ ಉಸಿರು ಮುಗಿಯುತ್ತ ಬಂದಿದೆ ಎಂದು ಸರ್ ಹೇಳುತ್ತಿದ್ದರು. ಆಗ ಗೋಡೆಯ ಕಡೆಯಿಂದ ಅವ್ವನ ದನಿ ಬಂತು.

“ಅದು ಹಸ್ತೈತಿ. ಕೌದಿ ಹೊಲಿದು ಕಡೀ ಮೂಲಿ ಮುಚ್ಚೂಮುಂದ ಒಳಗ ರೊಟ್ಟಿ ಚೂರು ಇಡಬೇಕು. ಇಡಲಿಲ್ಲಂದ್ರ ಹಸಕೊಂಡಿರ್ತೈತಿ, ಹೊಚ್ಚಿಕೊಂಡವರನ್ನ ತಿಂತೈತಿ. ಯಾರೋ ಇಡೂದು ಮರ್ತಾರ.”

ನಾವು ನಾಲ್ವರೂ ತಿರುಗಿ ನೋಡಿದೆವು. ಅವ್ವ ಹಾಗೆಯೇ ಮಲಗಿದ್ದಳು. ಕಳ್ಳನಾದ ನನ್ನ ಚೀಲದಲ್ಲಿ ಬುತ್ತಿ ಇರದೆ ಇರುತ್ತದೆಯೇ? ರೊಟ್ಟಿ ಮುರಿದು ಕೌದಿಯ ಮೂಲೆಯಲ್ಲಿ ಇಟ್ಟೆ ಎಂದೆ. ಸರ್ ದಾಳ ಹಾಕಲು ಹೇಳಲೂ ಇಲ್ಲ. ಕೌದಿ ಸಡಿಲವಾಗಿ ಬಸುವಿನ ಮೈಮೇಲೆ ಹೊದಿಕೆಯಾಗಿ ಬಿತ್ತು ಎಂದರು. ನೀಲಾ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಅಂದಿನಿಂದ ನಮ್ಮ ಆಟದ ದಾರಿಯೇ ಬೇರೆಯಾಯಿತು. ಎದ್ದ ವಸ್ತುವನ್ನು ಹೊಡೆಯುವುದಲ್ಲ, ಅದಕ್ಕೆ ಏನು ಕೊರತೆಯಾಗಿದೆ ಎಂದು ತಿಳಿದುಕೊಳ್ಳುವುದು. ತಿಳಿಯದಿದ್ದರೆ ಅವ್ವನನ್ನು ಕೇಳುವುದು. ಹೊತ್ತು ಮುಳುಗಿದ ಮೇಲೆ ಗುಡಿಸಿದ್ದರಿಂದ ಕಸಬರಿಗೆ ಸಿಟ್ಟಾಗಿದೆ, ಕೂಸು ಇಲ್ಲದಾಗ ತೂಗಿದ್ದರಿಂದ ತೊಟ್ಟಿಲು ಮುನಿಸಿಕೊಂಡಿದೆ. ಅವ್ವ ಒಂದೆರಡು ಮಾತು ಹೇಳಿ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದಳು. ಇದು ಆಟ ಎನ್ನುವುದು ಅವಳಿಗೆ ತಿಳಿದಿತ್ತೇ ಎಂದು ನೀವು ಕೇಳಬಹುದು. ಬೆಳಿಗ್ಗೆ ತಿಳಿಯುತ್ತಿತ್ತು, ಹೊತ್ತು ಇಳಿಯುತ್ತ ಬಂದಂತೆ ತಿಳಿಯುತ್ತಿರಲಿಲ್ಲ.

ಹೊತ್ತು ಇಳಿದರೆ ಅವ್ವ ಎದ್ದು ಕೂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಮನಿಗೆ ಹೋಗೂಣು ನಡೀ ಎನ್ನುತ್ತಿದ್ದಳು. ಇದೇ ಮನಿ ಅವ್ವಾ ಎಂದರೆ ಸುತ್ತ ನೋಡಿ, ಮಂದಿ ಮನಿಯೊಳಗ ಎಷ್ಟು ದಿನ ಇರೂದು ಎಂದು ನಾಚಿದವಳಂತೆ ಸಣ್ಣ ದನಿಯಲ್ಲಿ ಕೇಳುತ್ತಿದ್ದಳು. ನೀಲಾ ದಿನಾ ನಾಳೆ ಹೋಗೂಣು ಎಂದು ಹೇಳಿ ಮಲಗಿಸುತ್ತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ನಾವು ಚಪ್ಪಲಿ ಮೆಟ್ಟುವ ವೇಳೆಗೆ ಸರಿಯಾಗಿ ಇದು ಶುರುವಾಗುತ್ತಿತ್ತು. ನಾವು ಹೊರಟದ್ದನ್ನು ನೋಡಿ, ಅವ್ರೆಲ್ಲಾ ಮನಿಗೆ ಹೊಂಟಾರ, ನಾವ್ಯಾಕ ಇಲ್ಲಿ ಎಂದು ಕೇಳಿದರೆ ನನಗಂತೂ ಆ ದೊಡ್ಡ ಬಾಗಿಲು ದಾಟುವುದು ಕಷ್ಟವಾಗುತ್ತಿತ್ತು.

ಬೇಸಿಗೆಯ ಹೊತ್ತಿಗೆ ಅವ್ವ ಊಟ ಕಡಿಮೆ ಮಾಡಿದಳು. ಡಾಕ್ಟರು ವಯಸ್ಸು ಎಂದರು. ಮನೆಗೆ ಹೋಗಿ ಉಣ್ಣುತ್ತೇನೆ ಎಂದು ತಾಟು ಸರಿಸುತ್ತಾಳೆ ಎಂದು ನೀಲಾ ಹೇಳಿದಳು. ಆ ಭಾನುವಾರ ಅವಳು ಸರ್‌ಗೆ ಒಂದು ಮಾತು ಕೇಳಿದಳು. ಮುಂದಿನ ಆಟದಲ್ಲಿ ನಮ್ಮ ದಾರಿಗೆ ಒಂದು ಮುಳುಗಿದ ಊರು ಬರಲಿ, ಅಲ್ಲಿಯ ಮನೆಯೊಂದಕ್ಕೆ ನಾನು ಜೀವ ಕೊಡುತ್ತೇನೆ, ಅದು ನೀರಿನಿಂದ ಎದ್ದು ಅವ್ವನ ಹತ್ತಿರ ನಡೆದು ಬರಲಿ.

ಸರ್ ಒಪ್ಪಲಿಲ್ಲ. ನೆಲಕ್ಕೆ ಅಂಟಿದ್ದು ಏಳುವಂತಿಲ್ಲ ಎಂದು ಪುಸ್ತಕದಲ್ಲಿ ಸ್ಪಷ್ಟವಿದೆ ಎಂದರು. ಬಾಗಿಲು, ಹೊರಸು ಏಳಬಹುದು, ಮನೆ ಏಳಲಾರದು. ನೀಲಾ ತಲಬಾಗಿಲಿನ ಕಡೆ ಕೈ ತೋರಿಸಿದಳು.

“ಬಾಗ್ಲಾ ನಾವ ಕಿತ್ತೇವ್ರಿ ಸರ್. ಬಾಗ್ಲಾ ಕಿತ್ತ ಮ್ಯಾಲ ಅದು ಮನಿ ಎಲ್ಲಿ ಉಳೀತು, ಸಾಮಾನ ಆತು. ಸಾಮಾನ ಏಳಬಹುದಲ್ಲ.”

ಸರ್ ಅವ್ವನ ಕಡೆ ನೋಡಿದರು. ಅವರ ನಿಜವಾದ ಅಡ್ಡಿ ಪುಸ್ತಕದ್ದಾಗಿರಲಿಲ್ಲ.

“ಟೀಚರ್, ಆಟದಾಗ ಎದ್ದದ್ದು ಆಟ ಮುಗಿದ ಮ್ಯಾಲೆ ಮಲಗಬೇಕಾಗ್ತದ. ಅವ್ವಗ ಅದನ್ನ ಹೇಳವ್ರು ಯಾರು?”

“ದಿನಾ ಸಂಜಿಕ ನಾಳಿಗಿ ಹೋಗೂಣವ್ವಾ ಅಂತ ಸುಳ್ಳು ಹೇಳಾಕತ್ತೇನ್ರಿ. ಒಂದ ದಿನ ಖರೇ ಮಾಡಾಕ ಬಿಡ್ರಿ.”

ಕೊನೆಗೆ ಸರ್ ಒಂದೇ ಕರಾರು ಹಾಕಿದರು. ದಾಳ ಎಲ್ಲರ ಎದುರಿಗೇ ಬೀಳಬೇಕು. ಕೆಟ್ಟದ್ದು ಬಿದ್ದರೆ ಮನೆ ಏಳುವುದಿಲ್ಲ, ಆಮೇಲೆ ಯಾರೂ ಕರುಣೆಯ ಮಾತಾಡುವಂತಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು. ಇದೊಂದು ಆಟ, ಸಾಯುವ ಮುದುಕಿಯ ಎದುರಿಗೂ ನಿಯಮವೇ ಎಂದು ಬಸ್ಸಿನವರೆಗೂ ಗೊಣಗಿದೆ. ಮೋಸದಿಂದ ಎದ್ದ ಮನೆಯಲ್ಲಿ ಅವ್ವ ಹೇಗೆ ಇರುತ್ತಾಳೆ ಎಂದು ಅವರು ಕೇಳಿದರು. ಆಗ ನನಗೆ ಅದು ಮಾಸ್ತರರ ಹಟ ಎನಿಸಿತು.

ಮುಂದಿನ ಸಲ ನಾವು ಮಧ್ಯಾಹ್ನಕ್ಕೇ ಸೇರಿದೆವು. ಅವ್ವನಿಗೆ ನೀರೆರೆದು, ಚೊಕ್ಕ ಸೀರೆ ಉಡಿಸಿ, ಬೆನ್ನಿಗೆ ತಲೆದಿಂಬು ಕೊಟ್ಟು ಕೂರಿಸಿದ್ದಳು ನೀಲಾ. ಸರ್ ಕಥೆ ಶುರು ಮಾಡಿದರು. ನೀರು, ನೀರಿನ ಮೇಲೆ ಬಿಸಿಲು, ಕೆಳಗೆ ಮಸುಕಾಗಿ ಕಾಣುವ ಮಾಳಿಗೆಗಳು. ನೀಲಾ ಆ ಮನೆಯನ್ನು ಒಂದೊಂದಾಗಿ ಹೆಸರು ಹಿಡಿದು ಕರೆದಳು. ಪಡಸಾಲೆಯ ಕಂಬ, ತೊಲೆ, ಜಂತಿ, ಬೆಳಕಿಂಡಿ, ಒಲೆ, ದನ ಕಟ್ಟುವ ಗೂಟ. ಅವಳು ಮರೆತದ್ದನ್ನು ಅವ್ವ ಹೇಳಿದಳು. ದೇವರ ಮಾಡ ಬಿಟ್ಟಿ ಎಂದಳು, ನುಚ್ಚಿನ ಗಡಿಗಿ ಬಿಟ್ಟಿ ಎಂದಳು. ಎಲ್ಲ ಕರೆದಾದ ಮೇಲೆ ನೀಲಾ ದಾಳ ಕೈಗೆ ತೆಗೆದುಕೊಂಡಳು. ಬಸು ಕಣ್ಣು ಮುಚ್ಚಿಕೊಂಡಿದ್ದ. ನಾನು ಇಷ್ಟದೈವವನ್ನು ನೆನೆದೆ, ಪ್ರೆಸ್ಸಿನ ಮಶೀನು ನಿಂತಾಗಲೂ ನಾನು ಅಷ್ಟು ಭಕ್ತಿಯಿಂದ ನೆನೆದವನಲ್ಲ.

ಒಳ್ಳೆಯದೇ ಬಿತ್ತು. ಅದಕ್ಕಿಂತ ಒಳ್ಳೆಯದು ಬೀಳಲು ಆ ದಾಳದಲ್ಲಿ ಜಾಗವೇ ಇರಲಿಲ್ಲ.

ಸರ್ ಆ ದಿನ ಹೇಳಿದ ಹಾಗೆ ಹಿಂದೆಂದೂ ಹೇಳಿರಲಿಲ್ಲ. ನೀರು ಉಬ್ಬಿತು, ಒಡೆಯಿತು, ಮನೆ ಎದ್ದಿತು. ಕಂಬಗಳು ಕಾಲಾದವು. ಜಂತಿಯ ಸಂದಿಯಿಂದ ನೀರು ಸುರಿಯುತ್ತ, ಮಾಳಿಗೆಯ ಮಣ್ಣು ಜಾರುತ್ತ, ಹಿಂದೆ ಗಡಿಗೆ, ಒನಕೆ, ತೊಟ್ಟಿಲು ಸಾಲಾಗಿ ಬರುತ್ತ, ಮನೆ ಹೊಲಗಳ ಮೇಲೆ ಹಾದು ದಿಬ್ಬ ಹತ್ತಿತು. ಏದುಸಿರು ಬಿಡುತ್ತ ಬಂದು, ಇದೇ ನೋಡವ್ವಾ, ನಿನ್ನ ಬಾಗಿಲಿನ ಮುಂದೆ ನಿಂತಿದೆ ಎಂದರು. ಬಸುವಿನ ಕಣ್ಣಲ್ಲಿ ನೀರಿತ್ತು. ನಾನು ಗೆದ್ದವನಂತೆ ಅವ್ವನ ಕಡೆ ನೋಡಿದೆ.

ಅವ್ವ ಬಾಗಿಲಿನ ಹೊರಗೆ ನೋಡುತ್ತಿದ್ದಳು. ಅವಳ ಮುಖದಲ್ಲಿ ನಾವು ಕಾದಿದ್ದ ಸಂತೋಷ ಇರಲಿಲ್ಲ, ಗಾಬರಿ ಇತ್ತು.

“ಅವ್ರನ್ನ ಒಬ್ಬರನ್ನ ಬಿಟ್ಟು ಬಂತೇನು?”

ಯಾರನ್ನವ್ವಾ ಎಂದು ಬಸು ಕೇಳಿದ. ನೀಲಾ ಕೇಳಲಿಲ್ಲ. ಅವಳಿಗೆ ತಿಳಿದಿತ್ತು. ಆಮೇಲೆ ಅವಳೇ ನಮಗೆ ತಿಳಿಸಿದಳು. ಅಪ್ಪ ತೀರಿಕೊಂಡದ್ದು ನೀರು ಬರುವುದಕ್ಕೆ ಎಷ್ಟೋ ಮುಂಚೆ. ಅವರ ಪದ್ಧತಿಯಂತೆ ಸ್ವಂತ ಹೊಲದಲ್ಲೇ, ಮನೆಯ ಹಿತ್ತಿಲಿಗೆ ಹೊಂದಿಕೊಂಡು, ಮಣ್ಣು ಕೊಟ್ಟಿದ್ದರು. ಅವ್ವ ದಿನಾ ಅಂಗಳ ಸಾರಿಸಿ ಅಲ್ಲಿಗೂ ಒಂದು ಕೈ ಸಗಣಿನೀರು ಹಾಕಿ ಬರುತ್ತಿದ್ದಳಂತೆ. ಊರು ಎದ್ದು ಬಂದ ಮೇಲೆ ಅಮಾವಾಸ್ಯೆಗೆ ಹಿನ್ನೀರಿನ ದಂಡೆಯಲ್ಲಿ ಎಡೆ ಇಟ್ಟು ಬರುವುದು ನಡೆದಿತ್ತು. ಅವ್ವ ಮನೆಗೆ ಹೋಗಬೇಕು ಎಂದದ್ದು ಮನೆಗಾಗಿ ಅಲ್ಲ, ಗಂಡನ ಪಕ್ಕದಲ್ಲಿ ಮಣ್ಣಾಗುವುದಕ್ಕಾಗಿ. ನಾವು ಕಂಬ, ತೊಲೆ, ಗಡಿಗೆ ಎಲ್ಲ ಲೆಕ್ಕ ಹಿಡಿದು ಎಬ್ಬಿಸಿದೆವು. ನೀರಿನಡಿ ಅವರಿಗೆ ಜೊತೆಯಾಗಿದ್ದದ್ದು ಆ ಮನೆಯೊಂದೇ, ಅದನ್ನೂ ಕರೆದುಕೊಂಡು ಬಂದುಬಿಟ್ಟಿದ್ದೆವು.

ನೀಲಾ ಸರ್‌ಗೆ ಇದನ್ನು ಅಳಿಸಿಬಿಡಿ, ಆಗಲಿಲ್ಲ ಎಂದು ಹೇಳಿಬಿಡಿ ಎಂದಳು. ದಾಳದಿಂದ ಆದದ್ದನ್ನು ಆಗಲಿಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಅವ್ವ ಹೊರಸಿನಿಂದ ಕಾಲು ಕೆಳಗೆ ಬಿಟ್ಟು ನೆಟ್ಟಗೆ ಕೂತಳು. ಹೊರಗೆ ನಿಂತ ಮನೆಗೆ, ಮನೆಗೆ ತಡವಾಗಿ ಬಂದ ಮಗನನ್ನು ಗದರಿಸುವ ದನಿಯಲ್ಲಿ ಹೇಳಿದಳು.

“ಹೊಳ್ಳಿ ಹೋಗು. ಅವ್ರ ಮ್ಯಾಲ ನೆರಳಾಗಿ ಕುಂದ್ರು. ನಾ ಬರೂದು ಆಗೂದಿಲ್ಲ ಅಂತ ಹೇಳು.”

ಎಬ್ಬಿಸಿದವರ ಮಾತನ್ನಷ್ಟೇ ಅಂಥ ವಸ್ತು ಕೇಳುತ್ತದೆ ಎಂದು ಪುಸ್ತಕದ ನಿಯಮ. ಎಬ್ಬಿಸಿದವಳು ನೀಲಾ, ಅವ್ವ ಅಲ್ಲ. ಸರ್ ಪುಸ್ತಕ ಮುಟ್ಟಲಿಲ್ಲ. ಮನಿ ಅವ್ವಂದು, ಅವ್ವ ಹೇಳಿದಂಗ ಆಗ್ತದ ಎಂದರು. ಮನೆ ತಿರುಗಿ ದಿಬ್ಬ ಇಳಿದದ್ದನ್ನು, ಒಂದೊಂದು ಕಂಬ ಒಂದೊಂದು ಹೆಜ್ಜೆ ನೀರಿಗೆ ಇಳಿದದ್ದನ್ನು, ಕೊನೆಗೆ ಬೆಳಕಿಂಡಿಯೂ ಮುಳುಗಿದ್ದನ್ನು ಮೆಲ್ಲಗೆ ಹೇಳಿದರು. ಅವ್ವ ಎಲ್ಲ ನೋಡಿದಳು. ನೋಡಿ ಮುಗಿದ ಮೇಲೆ ಚಹಾ ಕೇಳಿದಳು, ಬಸಿಯಲ್ಲಿ ಹಾಕಿಸಿಕೊಂಡು ಕುಡಿದು ಮಲಗಿದಳು.

ಆಮೇಲೆ ಅವ್ವ ಮನೆಗೆ ಹೋಗೋಣ ಎಂದು ಒಂದು ದಿನವೂ ಕೇಳಲಿಲ್ಲ. ತಾಟಿನಲ್ಲಿ ಹಾಕಿದ್ದನ್ನು ಉಂಡಳು, ಕೊಟ್ಟ ಗುಳಿಗೆ ನುಂಗಿದಳು. ಹೊತ್ತು ಇಳಿದರೆ ಎದ್ದು ಕೂರುವುದೂ ನಿಂತಿತು. ನಾನು ಫೋನಿನಲ್ಲಿ ನೀಲಾಳಿಗೆ, ನೋಡಿ, ಅವ್ವನಿಗೆ ಸಮಾಧಾನ ಆಯಿತು ಎಂದೆ. ಅವಳು ಹೂಂ ಎಂದಳು. ಮಳೆಗಾಲದಲ್ಲಿ, ಜಲಾಶಯ ತುಂಬಿ ಹಿನ್ನೀರು ದಿಬ್ಬದ ಬುಡಕ್ಕೆ ಬಂದಿದ್ದಾಗ, ಅವ್ವ ತೀರಿಕೊಂಡಳು. ಪುನರ್ವಸತಿ ಕೇಂದ್ರದ ಹೊರಗೆ ಕಲ್ಲುನೆಲದಲ್ಲಿ ಮಣ್ಣು ಕೊಟ್ಟದ್ದು. ಅಲ್ಲಿ ನಿಂತರೆ ಕೆಳಗೆ ನೀರು ಕಾಣುತ್ತದೆ. ವಿಭೂತಿ ಹಿಡಿದು ನಿಂತ ನೀಲಾ ಕುಣಿಯನ್ನು ನೋಡಲಿಲ್ಲ, ಆ ನೀರನ್ನೇ ನೋಡುತ್ತಿದ್ದಳು. ಮಣ್ಣು ಹಾಕುವಾಗ ಸರ್ ಶಲ್ಯದಿಂದ ಮುಖ ಮುಚ್ಚಿಕೊಂಡರು.

ತಿರುಗಿ ಬರುವಾಗ ನೀಲಾ ನನ್ನ ಪಕ್ಕಕ್ಕೆ ಬಂದು ಹೇಳಿದ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

“ಸಮಾಧಾನ ಆಗಿ ಕೇಳೂದು ಬಿಡಲಿಲ್ರಿ ಅಕಿ. ಹೋಗಾಕ ಆಗೂದಿಲ್ಲ ಅನ್ನೂದು ಅವತ್ತ ತಿಳೀತು ಅಕಿಗಿ. ನಾಳಿಗಿ ಅನ್ನೂ ಸುಳ್ಳಾದ್ರೂ ಇತ್ತು. ಅದನ್ನೂ ನಾನ ಕಸಕೊಂಡೆ.”

ಹಾಗಲ್ಲ ಟೀಚರ್ ಎಂದೆ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ನಾನೇ ಎಷ್ಟೋ ಜನರಿಗೆ ಸಾಲು ಬರೆದುಕೊಟ್ಟಿದ್ದೇನೆ. ಆತ್ಮಕ್ಕೆ ಶಾಂತಿ, ಅಗಲಿಕೆಯ ನೋವು, ಎಲ್ಲ ಕಂಪ್ಯೂಟರಿನಲ್ಲಿ ಮೊದಲೇ ತುಂಬಿಟ್ಟಿದೆ. ಅವುಗಳಲ್ಲಿ ಒಂದೂ ಅಲ್ಲಿ ನಡೆಯುವಂಥದ್ದಾಗಿರಲಿಲ್ಲ. ಅವಳು ಹೇಳಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೊಮ್ಮೆ ಅವ್ವ ಗಂಡನಿಗೆ ನೆರಳು ಕಳಿಸಿ ನಿಶ್ಚಿಂತೆಯಿಂದ ಹೋದಳು ಎನಿಸುತ್ತದೆ. ಒಮ್ಮೊಮ್ಮೆ, ಮನೆಯನ್ನು ಕಳಿಸಿ ಬಾಗಿಲಲ್ಲಿ ಉಳಿದವಳ ಎದೆ ಹೇಗಿತ್ತೋ ಎಂದು ನೆನೆದರೆ ಕೆಲಸದ ನಡುವೆ ಕೈ ನಿಂತುಬಿಡುತ್ತದೆ. ದುಃಖವಾಗುತ್ತದೆ. ಅದನ್ನು ಬೇರೆ ಮಾತಿನಲ್ಲಿ ಸುತ್ತಿ ಹೇಳುವುದು ನನಗೆ ಬರುವುದಿಲ್ಲ.

ಆಟ ನಿಂತುಹೋಗಿತ್ತು. ಯಾರೂ ಯಾರಿಗೂ ನಿಲ್ಲಿಸೋಣ ಎನ್ನಲಿಲ್ಲ, ಭಾನುವಾರಗಳು ಬಂದವು, ಹೋದವು. ದಸರೆಗೆ ಬನ್ನಿ ಕೊಡಲು ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ. ಬಸು ಒಮ್ಮೆ ಮೋಟರು ಕೊಡಲು ಪ್ರೆಸ್ಸಿಗೆ ಬಂದವನು ಚಹಾ ಕುಡಿದು, ಏನೋ ಹೇಳಲು ಹೋಗಿ, ಸುಮ್ಮನೆ ಮೋಟರಿನ ಮಾತು ಆಡಿ ಹೋದ. ಹೀಗೆ ಇದು ಮುಗಿಯಿತು ಎಂದುಕೊಂಡಿದ್ದೆ. ಹೋದ ವಾರ, ಚಳಿ ಬಿದ್ದ ಮೇಲೆ, ಪಾಂಡುರಂಗ ಸರ್ ಫೋನು ಮಾಡಿ, ಟೀಚರ್ ಬರ್ರಿ ಅಂದಾರ, ಭಾನುವಾರ ಹೋಗೋಣ ಎಂದರು.

ಹೋದೆವು. ಅವ್ವನ ಹೊರಸು ಗೋಡೆಗೆ ಆನಿಸಿ ನಿಂತಿತ್ತು. ನೀಲಾ ಸ್ವಲ್ಪ ಬತ್ತಿದ್ದಳು. ನಮಗೆಲ್ಲ ಉಪ್ಪಿಟ್ಟು ಕೊಟ್ಟು, ತಾನೂ ಬಂದು ಕೂತಳು. ಯಾರೂ ಅವ್ವನ ಮಾತೆತ್ತಲಿಲ್ಲ. ಸರ್ ಪುಸ್ತಕ ತೆಗೆದರು, ದಾಳಗಳನ್ನು ನಡುವೆ ಇಟ್ಟರು. ಹೊಸ ಕಥೆ ತಂದಿರಬಹುದು, ಯಾವುದೋ ಗುಡ್ಡ, ಯಾವುದೋ ಗುಹೆ, ಎಂದು ನಾನು ಅಂದುಕೊಂಡೆ. ಅವರು ಯಾವಾಗಲೂ ಮೊದಲು ಕೇಳುವುದನ್ನೇ ಕೇಳಿದರು.

“ಹೇಳ್ರಿ. ಎಲ್ಲಿದ್ದೀರಿ, ಏನ್ ಮಾಡ್ಲಿಕ್ಕತ್ತೀರಿ?”

ನಾವಿಬ್ಬರೂ ಬಾಯಿ ತೆರೆಯುವ ಮುಂಚೆ ನೀಲಾ ಹೇಳಿದಳು.

“ನೀರಿನ ದಂಡಿಗಿ ನಿಂತೇನ್ರಿ.”

ಸರ್ ಮುಂದೇನು ಮಾಡುತ್ತೀರಿ ಎಂದು ಕೇಳಿದರು. ಏನೂ ಇಲ್ಲ, ಮನೆ ಇಳಿದು ಹೋದ ದಾರಿ ನೋಡುತ್ತ ನಿಂತಿದ್ದೇನೆ, ಅಂದಿನಿಂದಲೂ ಅಲ್ಲೇ ನಿಂತಿದ್ದೇನೆ ಎಂದಳು. ಅದನ್ನು ಬಹಳ ಸಹಜವಾಗಿ, ಬಸ್ಸು ಬರಲಿಲ್ಲ ಎನ್ನುವ ಹಾಗೆ ಹೇಳಿದಳು. ಇಷ್ಟು ತಿಂಗಳು ಇವಳು ಅಲ್ಲಿ ಒಬ್ಬಳೇ ನಿಂತಿದ್ದಳು, ನಾವು ಆಟ ನಿಂತಿತು ಎಂದುಕೊಂಡು ನಮ್ಮ ನಮ್ಮ ಊರುಗಳಲ್ಲಿ ಇದ್ದೆವು.

ನಾನೂ ಬಂದು ಪಕ್ಕದಲ್ಲಿ ನಿಂತೆ ಎಂದೆ. ಬಸು ಗದೆ ಕೆಳಗಿಟ್ಟು ಬಂದೆ ಎಂದ. ಕಥೆ ನಡೆಸುವವರಿಗೆ ಈ ಆಟದಲ್ಲಿ ಪಾತ್ರ ಇರುವುದಿಲ್ಲ. ಅವರು ಹೊರಗೆ ಕೂತು ಹೇಳಬೇಕು, ಒಳಗೆ ಬರುವಂತಿಲ್ಲ. ಪಾಂಡುರಂಗ ಸರ್ ಪುಸ್ತಕ ಮುಚ್ಚಿ ಚೀಲದಲ್ಲಿ ಇಟ್ಟರು.

“ಇನ್ನೊಬ್ಬಾಂವ ಬಂದು ನಿಂತ,” ಎಂದರು.

ಯಾರು ಎಂದು ನಾವು ಕೇಳಲಿಲ್ಲ. ನೀಲಾ ಕುರ್ಚಿಯನ್ನು ಒಂದಿಷ್ಟು ಸರಿಸಿ ಅವರಿಗೆ ಜಾಗ ಮಾಡಿಕೊಟ್ಟಳು.